ಚೌಕಳಿಗೊಂದು ಬೇರೆ ತಟ್ಟೆ

ನಮ್ಮ ಭಾವ ಕೋಳಿಯನ್ನು ಎದೆಗವಚಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಾಗ ನಾನು ಬಾಯಿತುಂಬ ನೊರೆ ತುಂಬಿಕೊಂಡು ಹಲ್ಲುಜ್ಜುತ್ತಿದ್ದೆ. ಆ ಸ್ಥಿತಿಯಲ್ಲಿರುವ ಮನುಷ್ಯ ಯಾವುದಕ್ಕೂ ಸರಿಯಾಗಿ ಇಲ್ಲವೆನ್ನಲಾರ.

"ಇವಳಿಗೆ ಹುಷಾರಿಲ್ಲ ಕಣೋ. ದನದ ಡಾಕ್ಟ್ರ ಹತ್ರ ಹೋಗಿಬರೋಣ, ಸ್ಕೂಟರ್ ತೆಗಿ" ಎಂದರು.

ನೊರೆಯ ಒಳಗಿನಿಂದ ನಾನು ಏನೋ ಒಂದು ಸದ್ದು ಮಾಡಿದೆ. ಅದನ್ನವರು ಒಪ್ಪಿಗೆ ಎಂದುಕೊಂಡರು.

ಕೋಳಿ ಎಂದರೆ ನನಗೆ ಭಯ. ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಭಯವಲ್ಲ ಇದು. ಹುಲಿಗೆ ಹೆದರಿದೆ ಎಂದರೆ ಅದರಲ್ಲೊಂದು ಮರ್ಯಾದೆ ಇದೆ. ತಲೆಗೂದಲು ನರೆತ ಮೇಲೂ ಕೋಳಿ ಹತ್ತಿರ ಬಂದರೆ ಕಾಲು ಮೇಲೆತ್ತಿ ಕುರ್ಚಿಯಲ್ಲಿ ಕೂರುವವನಿಗೆ ಯಾವ ಮರ್ಯಾದೆ? ಆದರೂ ಆವತ್ತು ಆ ಕೋಳಿ ಭಯ ಹುಟ್ಟಿಸುವ ಸ್ಥಿತಿಯಲ್ಲಿರಲಿಲ್ಲ. ಅದರ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಮೂಗಿನ ತೂತಿನಲ್ಲಿ ಗುಳ್ಳೆ ಎದ್ದು ಒಡೆಯುತ್ತಿತ್ತು. ಕೆಂಪಗೆ ನೆಟ್ಟಗಿರಬೇಕಾದ ಜುಟ್ಟು ಒಂದು ಕಡೆಗೆ ವಾಲಿತ್ತು. ಉಸಿರೆಳೆದಾಗಲೆಲ್ಲ, ನೀರು ನಿಂತುಹೋಗುವ ಮುಂಚೆ ನಲ್ಲಿ ಮಾಡುತ್ತದಲ್ಲ, ಆ ಗೊರಗೊರ ಸದ್ದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನಾನು ನೀರಿನ ಕಚೇರಿಯಲ್ಲಿ ದೂರು ಕೇಳುವ ಕಿಟಕಿಯಲ್ಲಿ ಕೂರುವವನು. ಕೇಳುವುದಷ್ಟೇ ನನ್ನ ಕೆಲಸ, ಸರಿಮಾಡುವ ಕಿಟಕಿ ಬೇರೆ ಇದೆ. ಅದು ಎಲ್ಲಿದೆ ಎಂಬುದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಸ್ಕೂಟರ್ ತೆಗೆಯುವಷ್ಟರಲ್ಲಿ ಭಾವನ ವಿಚಾರ ಹೇಳಿಬಿಡುತ್ತೇನೆ. ನನ್ನ ಅಕ್ಕನ ಗಂಡ. ನಮ್ಮ ಮನೆಯಿಂದ ಎರಡು ಮನೆ ದಾಟಿದರೆ ಅವರದು. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದೆಯಾದರೂ ಬೀದಿಯಲ್ಲಿ ಯಾರನ್ನು ಕೇಳಿದರೂ ಅದು ಗೊತ್ತಿಲ್ಲ. ಎಲ್ಲರಿಗೂ ಅವರು 'ಕಾಜಾ'. ಅಂಗಿಯಲ್ಲಿ ಗುಂಡಿ ತೂರಿಸಲು ತೂತು ಇರುತ್ತದಲ್ಲ, ಅದಕ್ಕೆ ದರ್ಜಿಗಳು ಕಾಜಾ ಎನ್ನುತ್ತಾರೆ. ಪೇಟೆಬೀದಿಯ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸಲು ಮಾಸ್ಟರು, ಮಿಷನ್ ತುಳಿಯಲು ಇಬ್ಬರು. ಎಲ್ಲ ಮುಗಿದ ಮೇಲೆ ಅಂಗಿ ಬಂದು ಭಾವನ ತೊಡೆಯ ಮೇಲೆ ಬೀಳುತ್ತಿತ್ತು. ಅವರು ಕೈಸೂಜಿಯಲ್ಲಿ ಕಾಜಾ ಹೊಲಿಯುತ್ತಿದ್ದರು. "ಇಡೀ ಅಂಗೀಲಿ ನನ್ನದು ಅನ್ನೋದು ಏನಿದ್ರೂ ತೂತು ಮಾತ್ರ" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಆ ತೂತಿನ ಅಂಚನ್ನು ಮಾತ್ರ ಎಂಥ ಗಿರಾಕಿಯೂ ಒಮ್ಮೆ ಬೆರಳಾಡಿಸಿ ನೋಡದೆ ಇರುತ್ತಿರಲಿಲ್ಲ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಭಾವನ ಕಾಜಾ ಕಣ್ಣುಬಿಟ್ಟುಕೊಂಡು ನೋಡುತ್ತಿತ್ತು.

ಹೀಗಿರುವಾಗ ಅವರಿಗೆ ಕೆಮ್ಮು ಹಿಡಿಯಿತು. ಶುಂಠಿಗೆ ಬಗ್ಗಲಿಲ್ಲ, ಮೆಣಸಿಗೆ ಬಗ್ಗಲಿಲ್ಲ. ಎದೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಇದು ಅಂಟುವ ಕಾಯಿಲೆ, ಔಷಧಿಗೆ ಹೋಗುತ್ತದೆ, ಆದರೆ ಅಲ್ಲಿಯತನಕ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಲೋಟ ಎಂದರು. ಆಗ ಅಕ್ಕನ ಮಗಳು ಕೈಗೂಸಿನ ಸಮೇತ ಮನೆಯಲ್ಲೇ ಇದ್ದಳು. ಅಕ್ಕ ಎರಡನೇ ಮಾತಾಡಲಿಲ್ಲ. ಹಿತ್ತಲ ಕಡೆ ಹಳೇ ಸಾಮಾನು ತುಂಬಿದ್ದ ಕೋಣೆ ಖಾಲಿ ಮಾಡಿ ಮಂಚ ಹಾಕಿದಳು. ಪಾತ್ರೆಗಳು ಕಲಸಿಹೋಗದಿರಲಿ ಎಂದು ಮಗಳ ಉಗುರುಬಣ್ಣ ತೆಗೆದುಕೊಂಡು ಭಾವನ ತಟ್ಟೆಯ ಅಂಚಿಗೊಂದು, ಲೋಟದ ತಳಕ್ಕೊಂದು ಕೆಂಪು ಚುಕ್ಕೆ ಇಟ್ಟಳು. ಮೊಮ್ಮಗುವನ್ನು ಭಾವ ನೋಡಿದ್ದು ಕಿಟಕಿಯ ಕಂಬಿಗಳ ಸಂದಿಯಿಂದ, ಅದೂ ಅಂಗಳದ ಆಚೆ ತುದಿಯಲ್ಲಿ ಎತ್ತಿ ತೋರಿಸಿದಾಗ. ನಾವು ನೆಂಟರು ಗೇಟಿನಾಚೆಯೇ ನಿಂತು ಗಂಟಲು ಹರಿಯುವ ಹಾಗೆ ಕ್ಷೇಮ ವಿಚಾರಿಸುತ್ತಿದ್ದೆವು. ಅಷ್ಟು ಗಟ್ಟಿಯಾಗಿ ಕೇಳಿದ ಮೇಲೆ ಹುಷಾರಾಗಿದೀನಿ ಎನ್ನದೆ ವಿಧಿಯಿರಲಿಲ್ಲ, ಪಾಪ.

ಕಾಯಿಲೆ ವಾಸಿಯಾಯಿತು. ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಭಾವ ಕೋಣೆಯಿಂದ ಹೊರಬಂದ ದಿನ ಮಗು ಅವರನ್ನು ಕಂಡು ಕಿಟಾರನೆ ಕಿರುಚಿಕೊಂಡಿತು. ಕಂಬಿ ಇಲ್ಲದ ಅಜ್ಜನನ್ನು ಅದು ನೋಡಿಯೇ ಇರಲಿಲ್ಲ. ಅಂಗಡಿಗೆ ಹೋದರೆ ಅವರ ಸ್ಟೂಲಿನ ಜಾಗದಲ್ಲಿ ಒಂದು ಕಾಜಾ ಮಿಷನ್ ಕೂತಿತ್ತು. ಯಜಮಾನ ಕೆಟ್ಟವನೇನಲ್ಲ. ಬಾ ಕೂತ್ಕೋ ಎಂದ, ಟೀ ತರಿಸಿದ. ಎಲ್ಲರಿಗೂ ಗಾಜಿನ ಲೋಟದಲ್ಲಿ ಬಂತು, ಭಾವನಿಗೆ ಕಾಗದದ ಲೋಟದಲ್ಲಿ ಬಂತು. "ನೀನು ಇಷ್ಟು ದೂರ ಯಾಕೆ ಬರ್ತೀಯ, ಸುಸ್ತಾಗುತ್ತೆ. ಮನೇಲೇ ಗುಂಡಿ ಹಚ್ಚು, ಚೀಲ ಹೊರಗೆ ಮೊಳೆಗೆ ನೇತುಹಾಕಿರ್ತೀನಿ, ತಗೊಂಡು ಹೋಗು" ಎಂದ. ಬಾಗಿಲ ಹೊರಗಿನ ಮೊಳೆಗೆ.

ಇಂಥ ಮನುಷ್ಯನಿಗೆ ಉಳಿದದ್ದು ಐದು ಕೋಳಿಗಳು. ಅವು ಬಂದದ್ದೂ ಆ ಕೋಣೆಯ ಕಾಲದಲ್ಲೇ. ಕಿಟಕಿಯಿಂದ ನೋಡುವುದಕ್ಕೆ ಏನಾದರೂ ಇರಲಿ ಎಂದು ಅಕ್ಕ ಐದು ಮರಿ ತಂದು ಹಿತ್ತಲಲ್ಲಿ ಬಿಟ್ಟಿದ್ದಳು. ಭಾವ ಕಂಬಿಯೊಳಗಿನಿಂದಲೇ ಅವನ್ನು ಮಾತಾಡಿಸಿ ಬೆಳೆಸಿದರು. ಗುಣವಾಗಿ ಹೊರಗೆ ಬಂದಾಗ ಅವರನ್ನು ಕಂಡು ಹಿಂದೆ ಸರಿಯದೆ ಮುಂದಕ್ಕೆ ಓಡಿಬಂದದ್ದು ಈ ಐದೇ. ಅವಕ್ಕೆ ದರ್ಜಿ ಅಂಗಡಿಯ ಹೆಸರಿಟ್ಟಿದ್ದರು. ಕಂದು ಬಣ್ಣದ ದಪ್ಪನೆಯದು ಖಾಕಿ, ಅದೇ ಗುಂಪಿನ ಯಜಮಾನಿ. ಬಿಳಿಯದು ಮಲ್ಮಲ್. ಕೋಟಿನ ಒಳಪದರದ ಹಾಗೆ ಯಾವಾಗಲೂ ಇನ್ನೊಂದರ ಕೆಳಗೆ ನುಸುಳುವುದು ಅಸ್ತರು. ಕಾಲು ನೀಳವಾಗಿದ್ದದ್ದು ಕತ್ತರಿ. ಕಪ್ಪುಬಿಳುಪು ಚೌಕ ಚೌಕದ ರೆಕ್ಕೆಯದು ಚೌಕಳಿ. ಭಾವ ಎಲ್ಲವನ್ನೂ 'ಅವಳು' ಎಂದೇ ಕರೆಯುತ್ತಿದ್ದರು. ನಾನು 'ಅದು' ಎನ್ನುತ್ತಿದ್ದೆ. ಕುಟುಕುವುದಕ್ಕೆ ಹೆಂಗಸಿನ ಗೌರವ ಕೊಡಲು ನನಗೆ ಮನಸ್ಸಾಗುತ್ತಿರಲಿಲ್ಲ.

ಈಗ ಸ್ಕೂಟರಿನ ಹಿಂದೆ ಭಾವನ ಅಂಗಿಯೊಳಗೆ ಕೂತು ಗೊರಗುಟ್ಟುತ್ತಿದ್ದದ್ದು ಚೌಕಳಿ.

ದನದ ಡಾಕ್ಟರ ಮುಂದೆ ಒಂದು ಎಮ್ಮೆ, ಎರಡು ನಾಯಿ, ಅವುಗಳ ಹಿಂದೆ ನಾವು. ಎಮ್ಮೆಯ ಯಜಮಾನ ನಮ್ಮನ್ನು ನೋಡಿ, "ಕೋಳಿಗೂ ಡಾಕ್ಟ್ರಾ! ಇದರ ಕಾಯಿಲೆಗೆ ಒಲೆ ಒಂದೇ ಮದ್ದು" ಎಂದು ನಕ್ಕ. ಭಾವ, "ಹೌದು ಸ್ವಾಮಿ, ನನಗೂ ಹಾಗೇ ಹೇಳಿದ್ರು. ಕಟ್ಟಿಗೆ ಸಾಲಲಿಲ್ಲ" ಎಂದರು. ಅವನು ಆಮೇಲೆ ಎಮ್ಮೆಯ ಕಡೆಗೇ ನೋಡುತ್ತ ನಿಂತ.

ಡಾಕ್ಟರು ಕೊಕ್ಕು ಬಿಡಿಸಿ ನೋಡಿದರು, ಕಣ್ಣು ಒತ್ತಿದರು, ಕೈ ತೊಳೆದರು.

"ಒಟ್ಟು ಎಷ್ಟಿವೆ?"

"ಐದು. ಮಿಕ್ಕವು ಚೆನ್ನಾಗಿವೆ."

"ಹಾಗಾದ್ರೆ ಇವತ್ತೇ ಇದನ್ನ ಬೇರೆ ಮಾಡಿ. ಬೇರೆ ಜಾಗ, ಬೇರೆ ತಟ್ಟೆ, ಬೇರೆ ನೀರು. ಇದನ್ನ ಮುಟ್ಟಿದ ಕೈಯಲ್ಲಿ ಅವನ್ನ ಮುಟ್ಟಬೇಡಿ."

ಭಾವ ಕೋಳಿಯನ್ನು ಎತ್ತಿ ಮತ್ತೆ ಅಂಗಿಯೊಳಗೆ ಸೇರಿಸಿಕೊಂಡರು. ಆಮೇಲೆ, "ಬೇರೆ ಮಾಡಿದ್ರೆ ಇವಳು ಬದುಕ್ತಾಳಾ?" ಎಂದರು.

"ಇದರದ್ದು ಹೇಳೋಕಾಗಲ್ಲ. ಔಷಧಿ ಕೊಡ್ತೀನಿ, ನೀರಲ್ಲಿ ಹಾಕಿ. ಬೇರೆ ಮಾಡಿದ್ರೆ ಉಳಿದ ನಾಲ್ಕು ಬದುಕ್ತವೆ."

"ನಾನು ಕರ್ಕೊಂಡು ಬಂದಿದ್ದು ಇವಳನ್ನ ಸ್ವಾಮಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಚೇರಿಯ ಅಭ್ಯಾಸಬಲದಿಂದ ತಲೆಯಾಡಿಸಿದೆ. ದೂರು ದಾಖಲಾಗಿದೆ ಎನ್ನುವ ತಲೆಯಾಟ ಅದು.

ಬರುವಾಗ ದಾರಿಯಲ್ಲಿ ಭಾವ ನನ್ನ ಬೆನ್ನ ಹಿಂದಿನಿಂದ, "ಬೇರೆ ಇಡಲ್ಲ ಕಣೋ" ಎಂದರು.

"ಭಾವ, ಡಾಕ್ಟ್ರು ಅಷ್ಟು ಹೇಳಿದಾರೆ..."

"ನಿನ್ನ ಕಿಟಕಿಗೆ ಬಂದೋರಿಗೆ ಏನು ಹೇಳ್ತೀಯ?"

"'ಆಯ್ತು, ನೋಡೋಣ' ಅಂತೀನಿ."

"ನಂಗೂ ಅಷ್ಟೇ ಹೇಳು."

"ಆಯ್ತು, ನೋಡೋಣ" ಎಂದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು ಡಾಕ್ಟ್ರು?" ಭಾವ "ಔಷಧಿ ಕೊಟ್ರು" ಎಂದಷ್ಟೇ ಹೇಳಿ ಕೋಳಿಯೊಂದಿಗೆ ಹಿತ್ತಲಿಗೆ ಹೋದರು. ಅಕ್ಕ ನನ್ನ ಕಡೆ ತಿರುಗಿದಳು. ನನಗೆ ಚಿಕ್ಕಂದಿನಿಂದ ಅಕ್ಕನ ಮುಂದೆ ಸುಳ್ಳು ನಿಲ್ಲುವುದಿಲ್ಲ; ಕಿವಿ ಕೆಂಪಾಗುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಅವರಿಗೆ ಬುದ್ಧಿ ಇಲ್ಲ, ನಿನಗೆ ಬಾಯಿ ಇಲ್ಲ" ಎಂದು ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಮುಗಿಸಿ ಒಳಗೆ ಹೋದಳು.

ಸಂಜೆ ಭಾವ ಗುಂಡಿಯ ಚೀಲ ತರಲು ಅಂಗಡಿಗೆ ಹೊರಟರು. ನನ್ನನ್ನೂ ಕರೆದುಕೊಂಡರು. ವಾಪಸು ಬಂದು ಹಿತ್ತಲಿಗೆ ಹೋದರೆ ಗೂಡಿನಲ್ಲಿ ನಾಲ್ಕೇ ಕೋಳಿ. ಭಾವ ಸುತ್ತ ನೋಡಿದರು. ಆ ಗೊರಗೊರ ಸದ್ದು ಎಲ್ಲಿಂದಲೋ ಬರುತ್ತಿತ್ತು. ತಲೆಯೆತ್ತಿದರು. ಹಿತ್ತಲ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ, ಕಂಬಿಗಳ ಹಿಂದೆ, ಚೌಕಳಿ ಒಂದು ಕಣ್ಣಿನಿಂದ ಅಂಗಳ ನೋಡುತ್ತ ಕೂತಿತ್ತು.

ಅಕ್ಕ ತಿಳಿದೂ ತಿಳಿದೂ ಮಾಡಿದಳೆಂದು ನಾನು ಹೇಳಲಾರೆ. ಮನೆಯಲ್ಲಿ ಬೇರೆ ಇಡಲು ಇದ್ದದ್ದು ಅದೊಂದೇ ಕೋಣೆ. ಮಂಚದ ಮೇಲೆ ಹಳೆ ಚೀಲ ಹಾಸಿ, ನೆಲದ ಮೇಲೆ ನುಚ್ಚು ಇಟ್ಟಿದ್ದಳು. ನುಚ್ಚು ಇಟ್ಟ ತಟ್ಟೆಯ ಅಂಚಿನಲ್ಲಿ ಕೆಂಪು ಚುಕ್ಕೆ ಇತ್ತು.

ಭಾವ ಆ ತಟ್ಟೆಯನ್ನು ಎತ್ತಿಕೊಂಡು ಬಾಗಿಲಿಗೆ ಬಂದರು.

"ಇದನ್ನ ಯಾರು ತೆಗೆದಿದ್ದು?"

"ನಾನೇ. ಇನ್ಯಾರು ತೆಗೀತಾರೆ ಈ ಮನೇಲಿ?" ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. "ಎಸೆಯೋಕೆ ಮನಸ್ಸಾಗಲಿಲ್ಲ. ಚೆನ್ನಾಗೇ ಇದೆಯಲ್ಲ ಅಂತ ಅಟ್ಟದಲ್ಲಿ ಇಟ್ಟಿದ್ದೆ."

"ಹೂಂ. ಚೆನ್ನಾಗೇ ಇದೆ."

"ರೀ, ಹಠ ಮಾಡಬೇಡಿ. ಐದೂ ಸಾಯ್ತವೆ."

"ನೀನು ತಟ್ಟೆಯನ್ನ ಹೊಸ್ತಿಲ ಆಚೆ ಇಟ್ಟು ಹೋಗ್ತಿದ್ದೆ. ಇಟ್ಟ ಸದ್ದು ಕೇಳಿಸ್ತಿತ್ತು. ಆಮೇಲೆ ನೀನು ಓಡೋ ಸದ್ದು ಕೇಳಿಸ್ತಿತ್ತು."

"ಮನೇಲಿ ಕೂಸಿತ್ತು."

"ಗೊತ್ತು."

"ಡಾಕ್ಟ್ರು ಹೇಳಿದ್ರು."

"ಗೊತ್ತು ಕಣೇ."

"ಗೊತ್ತಿದ್ರೆ ಯಾಕೆ ಹೀಗೆ ಸುಡ್ತೀರಿ ನನ್ನ? ಬೇರೆ ಇಟ್ಟಿದ್ದಕ್ಕೇ ಇವತ್ತು ಬದುಕಿ ನಿಂತ್ಕೊಂಡು ನನ್ನ ಹತ್ರ ಜಗಳ ಆಡ್ತಿದೀರಿ!"

"ಬದುಕಿದ್ದು ನಿಜ" ಎಂದರು ಭಾವ. "ವಾಪಸ್ ಬಂದೆ ಅಂತ ಯಾರು ಹೇಳಿದ್ರು ನಿಂಗೆ?"

ನಾನು ಗುಂಡಿಯ ಚೀಲ ಹಿಡಿದುಕೊಂಡು ನಡುವೆ ನಿಂತಿದ್ದೆ. ಇಂಥ ಹೊತ್ತಿನಲ್ಲಿ ಒಂದು ತಮಾಷೆ ಮಾತಾಡಿ ಎಲ್ಲರನ್ನೂ ನಗಿಸಿಬಿಡುವವನು ಎಂದು ನೆಂಟರಲ್ಲಿ ನನಗೆ ಹೆಸರಿದೆ. ಬಾಯಿ ತೆರೆದೆ. "ಟೀ ಮಾಡ್ಲಾ?" ಎಂದಷ್ಟೇ ಬಂತು. ಭಾವ ಒಳಗೆ ಹೋಗಿ ಚೌಕಳಿಯನ್ನು ಎತ್ತಿಕೊಂಡು ಬಂದು, ನಮ್ಮಿಬ್ಬರನ್ನೂ ದಾಟಿ, ಗೂಡಿನೊಳಗೆ ಅದರ ಜಾಗದಲ್ಲೇ ಕೂರಿಸಿದರು. ಗೂಡಿನ ಅಡ್ಡಕೋಲಿನ ಮೇಲೆ ಐದಕ್ಕೂ ಒಂದೊಂದು ಜಾಗ ನಿಗದಿ. ಬಾಗಿಲ ಹತ್ತಿರ ಖಾಕಿ, ಆಮೇಲೆ ಮಲ್ಮಲ್, ಕತ್ತರಿ, ಅಸ್ತರು. ಗೋಡೆಯ ತುದಿಗೆ ಚೌಕಳಿ. ಸೀಟು ಕಾದಿರಿಸಿದ ಹಾಗೆ ದಿನಾ ಅದೇ ಜಾಗ.

ಮರುದಿನದಿಂದ ಭಾವ ಆಳೆತ್ತರದ ಆ ಗೂಡಿನೊಳಗೇ ಸ್ಟೂಲು ಹಾಕಿಕೊಂಡು ಕೂತರು. ಕೂರದೆ ವಿಧಿಯೂ ಇರಲಿಲ್ಲ. ಕೋಳಿಗಳಿಗೆ ಕರುಣೆ ಎಂಬುದೊಂದು ಇದೆ ಎಂದು ನೀವು ಎಲ್ಲಿಯಾದರೂ ಓದಿದ್ದರೆ ಅದನ್ನು ಬರೆದವನು ಕೋಳಿ ಸಾಕಿದವನಲ್ಲ. ಸೊರಗಿದ್ದನ್ನು ಕಂಡರೆ ಉಳಿದವಕ್ಕೆ ಮೈಮೇಲೆ ಬರುತ್ತದೆ. ಖಾಕಿ ಬಂದು ಊದಿದ ಕಣ್ಣಿಗೇ ಗುರಿಯಿಟ್ಟು ಕುಟುಕಿತು. ಭಾವ ಕೈ ಅಡ್ಡ ಹಿಡಿದರು. "ಏಯ್ ಖಾಕಿ, ನಿಂಗೆ ಅಷ್ಟು ಬಲ ಇದ್ರೆ ನಂಗೆ ಹೊಡಿ" ಎಂದರು. ಅದು ಹೇಳಿದ ಮಾತು ಕೇಳುವ ಕೋಳಿ, ಅವರಿಗೇ ಹೊಡೆಯಿತು. ಹೀಗೆ ನಮ್ಮ ಭಾವ ಬೆಳಗಿನಿಂದ ಸಂಜೆಯತನಕ ಗೂಡಿನಲ್ಲಿ ಕೂತು, ಒಂದು ಕೈಯಿಂದ ಕೋಳಿ ಕಾಯುತ್ತ, ಮತ್ತೊಂದು ಕೈಯಿಂದ ಗುಂಡಿ ಹಚ್ಚುತ್ತ ಕಾಲ ಕಳೆದರು. ಆ ವಾರ ಪೇಟೆಯಲ್ಲಿ ಹೊಸ ಅಂಗಿ ತೊಟ್ಟವರ ಮೈಯಲ್ಲಿ ಒಂದೆರಡು ಪುಕ್ಕ ಸಿಕ್ಕಿದ್ದರೆ ಅದರ ಮೂಲ ಇದೇ.

ಚೌಕಳಿಯ ಆರೈಕೆ ನೋಡಲು ನಾನು ಕಚೇರಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೊಮ್ಮೆ ಹೋಗಿ ಗೂಡಿನ ಹೊರಗೆ ಸುರಕ್ಷಿತ ದೂರದಲ್ಲಿ ನಿಲ್ಲುತ್ತಿದ್ದೆ. ಭಾವ ಬಿಸಿನೀರಿಗೆ ಮೆತ್ತನೆ ಬಟ್ಟೆಯ ತುಂಡು ಅದ್ದಿ, ಹಿಂಡಿ, ರೆಪ್ಪೆಯ ಅಂಚಿನಲ್ಲಿ ಗಟ್ಟಿಯಾಗಿದ್ದ ಕೀವನ್ನು ನೆನೆಸುತ್ತಿದ್ದರು. ಎಳೆಯುತ್ತಿರಲಿಲ್ಲ. ತಾನಾಗಿ ಬಿಡುವತನಕ ಕಾಯುತ್ತಿದ್ದರು. ಸೂಜಿ ತೆಗೆದ ಸಿರಿಂಜಿನಲ್ಲಿ ಕೊಕ್ಕಿನ ಪಕ್ಕಕ್ಕೆ ಹನಿಹನಿಯಾಗಿ ಗಂಜಿಯ ನೀರು ಬಿಡುತ್ತಿದ್ದರು. ಅದು ನುಂಗಿದರೆ ಇವರ ಗಂಟಲೂ ನುಂಗುತ್ತಿತ್ತು.

"ನಂಗೆ ಯಾರಾದ್ರೂ ಒಬ್ಬರು ಹತ್ರ ಕೂತ್ಕೊಂಡಿದ್ರೆ ಸಾಕಿತ್ತು ಕಣೋ" ಎಂದರು ಒಮ್ಮೆ, ತಲೆ ಎತ್ತದೆ. "ಮಾತಾಡೋದೂ ಬೇಕಿರಲಿಲ್ಲ. ಉಸಿರಾಡಿದ್ರೆ ಸಾಕಿತ್ತು."

ಆ ಮಾತಿಗೆ ನಾನು ಗೂಡಿನ ಕಡೆಗೆ ಒಂದು ಹೆಜ್ಜೆ ಹತ್ತಿರ ಹೋದೆ. ಖಾಕಿ ಕತ್ತು ಓರೆ ಮಾಡಿ ನೋಡಿತು. ಅಲ್ಲೇ ನಿಂತೆ.

ಒಂದು ಬೆಳಿಗ್ಗೆ ಭಾವ ಗೂಡಿನಿಂದಲೇ ಕೂಗಿದರು. ನಮ್ಮ ಮನೆಗೂ ಕೇಳಿಸಿತು. ಓಡಿದೆ. ಅಕ್ಕನೂ ಕೈಯಲ್ಲಿ ಸೌಟು ಹಿಡಿದೇ ಬಂದಿದ್ದಳು. ಚೌಕಳಿಯ ಮುಚ್ಚಿದ ಕಣ್ಣು ತೆರೆದಿತ್ತು. ಪೂರ್ತಿಯಲ್ಲ, ಒಂದು ಸೀಳು. ಕಾಜಾದಷ್ಟು.

"ನೋಡ್ತಾ ಇದಾಳೆ ನೋಡು! ನನ್ನೇ ನೋಡ್ತಿದಾಳೆ!" ಭಾವನ ಮುಖದಲ್ಲಿ ನಾನು ಬಹಳ ಕಾಲದಿಂದ ಕಾಣದ ನಗು ಇತ್ತು. "ಏನೇ, ಎಲ್ಲರ ಜೊತೇನೇ ಇಟ್ಕೊಂಡು ಗುಣ ಮಾಡಿದ್ನೋ ಇಲ್ವೋ?" ಎಂದು ಅಕ್ಕನಿಗೆ ಕೇಳಿದರು. ಅಕ್ಕ ಸೌಟು ಹಿಡಿದುಕೊಂಡೇ, "ಆಯ್ತು ಮಹರಾಯ್ರೇ, ನೀವೇ ಗೆದ್ರಿ" ಎಂದಳು. ಅವಳಿಗೂ ನಗು ಬಂದಿತ್ತು.

ಆಗ ಹಿಂದಿನಿಂದ ಯಾರೋ ಸೀನಿದರು.

ನಾನು ಭಾವನನ್ನು ನೋಡಿದೆ, ಭಾವ ನನ್ನನ್ನು ನೋಡಿದರು. ಮೂವರಲ್ಲಿ ಯಾರೂ ಸೀನಿರಲಿಲ್ಲ. ಕೋಳಿಗೂ ಸೀನು ಬರುತ್ತದೆಂದು ನನಗೆ ಅಲ್ಲಿಯತನಕ ತಿಳಿದಿರಲಿಲ್ಲ. ಅಡ್ಡಕೋಲಿನ ಮೇಲಿದ್ದ ಮಲ್ಮಲ್ ಇನ್ನೊಮ್ಮೆ ಸೀನಿ, ತಲೆ ಕೊಡವಿ, ಏನೂ ಆಗಿಲ್ಲವೆನ್ನುವಂತೆ ರೆಕ್ಕೆ ಸರಿಮಾಡಿಕೊಂಡಿತು. ಅಕ್ಕನ ಕೈಯ ಸೌಟಿನಿಂದ ಏನೋ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನೇ ನೋಡುತ್ತ ಒಳಗೆ ಹೋದಳು.

ಚೌಕಳಿಗೆ ಮೆಲ್ಲಗೆ ಹಿಡಿದಿದ್ದ ಕಾಯಿಲೆ ಉಳಿದವಕ್ಕೆ ಹಾಗೆ ಬರಲಿಲ್ಲ. ಮಲ್ಮಲ್ ಮುಖ ಊದಿಕೊಂಡು ಎರಡು ಕಣ್ಣೂ ಮುಚ್ಚಿತು. ಭಾವ ಬಿಸಿನೀರು, ಬಟ್ಟೆ, ಸಿರಿಂಜು ಎಲ್ಲವನ್ನೂ ತೆಗೆದುಕೊಂಡು ಕೂತರು. ಈಗ ಬೇರೆ ಮಾಡುವುದಾದರೂ ಯಾರನ್ನು ಯಾರಿಂದ? ನಾನು ಸ್ಕೂಟರಿನಲ್ಲಿ ಹೋಗಿ ಇನ್ನಷ್ಟು ಔಷಧಿ ತಂದೆ. ಡಾಕ್ಟರು "ಬೇರೆ ಇಟ್ಟಿದ್ರಾ?" ಎಂದು ಕೇಳಿದರು. ನಾನು "ನೋಡ್ತಾ ಇದೀವಿ ಸಾರ್" ಎಂದೆ.

ಮಲ್ಮಲ್ ಹೋಯಿತು. ಅಸ್ತರು ಯಾವಾಗಿನಂತೆ ಕತ್ತರಿಯ ರೆಕ್ಕೆಯ ಕೆಳಗೆ ನುಸುಳಿಕೊಂಡು ಮಲಗಿದ್ದು ಮತ್ತೆ ಏಳಲಿಲ್ಲ. ಕತ್ತರಿ ಅದರ ಮರುದಿನ. ಆಳವಾಗಿ ಹೂಳಿ ಸುಣ್ಣ ಹಾಕಬೇಕೆಂದು ಡಾಕ್ಟರು ಹೇಳಿದ್ದರಿಂದ ಗುಂಡಿ ತೋಡುವ ಕೆಲಸ ನನ್ನ ಪಾಲಿಗೆ ಬಂತು. ಜೀವಮಾನದಲ್ಲಿ ಕುರ್ಚಿಗಿಂತ ಭಾರವಾದದ್ದನ್ನು ಸರಿಸದವನು ನಾನು. ಮೊದಲ ಗುಂಡಿ ತೋಡುವಾಗ ಅಕ್ಕ ನೋಡಿ, "ಇದೇನು ಕೋಳಿಗಾ, ಪೆನ್ಸಿಲಿಗಾ?" ಎಂದಿದ್ದಳು. ಮೂರನೆಯದರ ಹೊತ್ತಿಗೆ ಕೈ ಪಳಗಿತ್ತು. ಅಕ್ಕ ಸುಣ್ಣ ತಂದಿಟ್ಟು ಒಳಗೆ ಹೋದಳು.

'ನಾನು ಆವತ್ತೇ ಹೇಳಿರಲಿಲ್ವಾ' ಎಂಬ ಮಾತು ನಮ್ಮ ಮನೆತನದ ಪಿತ್ರಾರ್ಜಿತ ಆಸ್ತಿ. ಹಾಲು ಉಕ್ಕಿದರೂ ಆಡುತ್ತೇವೆ, ಮನೆ ಬಿದ್ದರೂ ಆಡುತ್ತೇವೆ. ಅಕ್ಕ ಅದನ್ನು ಒಂದು ಸಲವೂ ಆಡಲಿಲ್ಲ. ನೀರು ಕಾಯಿಸಿ ತಂದಿಟ್ಟಳು, ಕೊಳೆಯಾದ ಬಟ್ಟೆ ಕುದಿಸಿ ಒಣಹಾಕಿದಳು, ಭಾವನ ಪಕ್ಕದಲ್ಲಿ ಗೂಡಿನ ನೆಲದ ಮೇಲೇ ಕೂತು ಖಾಕಿಯ ತಲೆ ಎತ್ತಿ ಹಿಡಿದಳು. ಬೈದಿದ್ದರೆ ಭಾವ ತಿರುಗಿ ಬೈಯುತ್ತಿದ್ದರು, ಅಷ್ಟರಮಟ್ಟಿಗೆ ಮನೆ ಮೊದಲಿನ ಹಾಗಾಗುತ್ತಿತ್ತು. ಅವಳ ಮೌನದೆದುರು ಅವರಿಗೆ ತಲೆ ಎತ್ತಲು ಜಾಗವೇ ಇರಲಿಲ್ಲ.

"ನಾನೇ ಕೊಂದೆ ಕಣೇ" ಎಂದರು.

"ಸುಮ್ನಿರಿ."

"ಇವಳಿಗೆ ಆಗಬಾರದು ಅಂತ ಮಾಡಿದೆ. ನಂಗಾಗಿದ್ದು ಇವಳಿಗೆ ಆಗಬಾರದು ಅಂತ."

"ಗೊತ್ತು, ಸುಮ್ನಿರಿ. ಬಟ್ಟೆ ಹಿಂಡಿ ಕೊಡಿ."

ಖಾಕಿ ಕೊನೆಯವಳು. ಯಜಮಾನಿಕೆ ಬಿಡಲು ಅವಳಿಗೆ ಸುಲಭವಾಗಿ ಮನಸ್ಸಾಗಲಿಲ್ಲ. ಎರಡೂ ಕಣ್ಣು ಕಾಣದಿದ್ದರೂ ಕಾಲೂರಿ ನಿಂತು, ಚೌಕಳಿ ಹತ್ತಿರ ಬಂದ ಸದ್ದಾದರೆ ಗಾಳಿಗೇ ಒಂದು ಸಲ ಕುಟುಕುತ್ತಿದ್ದಳು. ಭಾವ ಅವಳನ್ನು ತೊಡೆಯ ಮೇಲೆ ಇಟ್ಟುಕೊಂಡು, "ಹೊಡಿ ತಾಯಿ, ಹೊಡಿ" ಎಂದು ಕೈ ಒಡ್ಡಿದರು. ಕೊಕ್ಕು ಅಂಗೈಗೆ ತಾಗಿತು. ಅದರಲ್ಲಿ ಏನೂ ಬಲ ಇರಲಿಲ್ಲ. ಅವತ್ತು ನಾನು ಗೂಡಿನ ಒಳಗೇ ನಿಂತಿದ್ದೆ. ಯಾವಾಗ ಒಳಗೆ ಹೋದೆನೋ ಗೊತ್ತಿಲ್ಲ.

ಚೌಕಳಿ ಮಾತ್ರ ದಿನದಿಂದ ದಿನಕ್ಕೆ ಮೈದುಂಬಿಕೊಂಡಳು. ಜುಟ್ಟು ನೆಟ್ಟಗಾಯಿತು. ಹಿತ್ತಲ ತುಂಬ ಓಡಾಡಿ ಕೆದಕಿದಳು. ಕೆದಕಿದ ಮೇಲೆ ತಲೆ ಎತ್ತಿ ಪಕ್ಕಕ್ಕೆ ನೋಡುತ್ತಿದ್ದಳು. ಹುಳು ಸಿಕ್ಕಿದರೆ ಖಾಕಿ ಬಂದು ಕಿತ್ತುಕೊಳ್ಳುವುದು ವಾಡಿಕೆ. ಈಗ ಯಾರೂ ಬರುತ್ತಿರಲಿಲ್ಲ. ಆಮೇಲೆ ಅನುಮಾನದಲ್ಲೇ ತಿನ್ನುತ್ತಿದ್ದಳು.

ಅಕ್ಕ ಒಂದು ದಿನ ಧೈರ್ಯ ಮಾಡಿ, "ನಾಲ್ಕು ಮರಿ ತರೋಣ್ವಾ?" ಎಂದಳು. ಭಾವ ಬೇಡವೆನ್ನಲಿಲ್ಲ. ಯಾವುದಕ್ಕೂ ಒಮ್ಮೆ ಕೇಳಿಬಿಡೋಣವೆಂದು ಚೌಕಳಿಯನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ದನದ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿ, "ಪರವಾಗಿಲ್ವೇ, ಗಟ್ಟಿ ಜೀವ" ಎಂದರು.

"ಗುಣ ಆಗಿದಾಳಾ?"

"ಗುಣ ಆಗಿದೆ. ಆದ್ರೆ ಹೊಸ ಮರಿ ತರಬೇಡಿ. ಕಾಯಿಲೆ ಇದರ ಒಳಗೇ ಉಳ್ಕೊಂಡಿರುತ್ತೆ. ಇದಕ್ಕೇನೂ ಆಗಲ್ಲ, ಜೊತೆಗೆ ಬಂದವಕ್ಕೆ ಕೊಡುತ್ತೆ. ಒಂದೋ ಇದನ್ನ ಕೊಯ್ದುಬಿಡಿ, ಇಲ್ಲ ಇದೊಂದನ್ನೇ ಸಾಕ್ಕೊಳ್ಳಿ."

"ಅಂದ್ರೆ ಬೇರೇನೇ ಇಡಬೇಕು."

"ಹೂಂ."

"ಕೊನೇ ತನಕ."

"ಕೋಳಿ ಅಲ್ವಾ, ಎಷ್ಟು ದಿನ?" ಎಂದರು ಡಾಕ್ಟರು ಸಮಾಧಾನಕ್ಕೆ.

ಭಾವ ನಕ್ಕುಬಿಟ್ಟರು. ಆ ನಗು ಕೇಳಿ ಹೊರಗೆ ಕೂತಿದ್ದವರು ಬಾಗಿಲಿನಿಂದ ಇಣುಕಿದರು. ದಾರಿಯುದ್ದಕ್ಕೂ ಸ್ಕೂಟರಿನಲ್ಲಿ ನನ್ನ ಬೆನ್ನಿಗೆ ಅವರ ಹಣೆ ಬಡಿಯುತ್ತಿತ್ತು, ಇನ್ನೂ ನಗುತ್ತಿದ್ದಾರೆಂದೇ ತಿಳಿದಿದ್ದೆ. ಮನೆ ಮುಂದೆ ಇಳಿದಾಗ ನೋಡಿದೆ, ನಗುತ್ತಿರಲಿಲ್ಲ.

ಆವತ್ತು ಸಂಜೆ ಹೊತ್ತು ಕಂತುವ ವೇಳೆಗೆ ಹೋದೆ. ಭಾವ ಗೂಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ತೊಡೆಯ ಮೇಲೆ ಯಾರದೋ ಅಂಗಿ. ಗುಂಡಿ ಹಚ್ಚುತ್ತಿರಲಿಲ್ಲ. ಅಕ್ಕ ತಟ್ಟೆಯಲ್ಲಿ ನುಚ್ಚು ತಂದಿಟ್ಟಳು. ಅದೇ ತಟ್ಟೆ. ಕೆಂಪು ಚುಕ್ಕೆಯನ್ನು ಅವಳು ಬೂದಿ ಹಾಕಿ ಉಜ್ಜಿ ಉಜ್ಜಿ ತೆಗೆದಿದ್ದಳು. ಉಜ್ಜಿದ ಜಾಗ ಸವೆದು, ಉಳಿದ ಅಂಚಿಗಿಂತ ಬೆಳ್ಳಗೆ ಹೊಳೆಯುತ್ತಿತ್ತು. ಮೊದಲಿಗಿಂತ ದೂರಕ್ಕೇ ಕಾಣುತ್ತಿತ್ತು.

ಚೌಕಳಿ ನುಚ್ಚು ತಿಂದಳು, ನೀರು ಕುಡಿದಳು, ಕತ್ತಲಾಗುವುದನ್ನು ನೋಡಿ ಅಡ್ಡಕೋಲಿನ ಮೇಲೆ ಹಾರಿದಳು. ಬಾಗಿಲ ಹತ್ತಿರ ಹಾರಿ, ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿಯುತ್ತ ಸರಿಯುತ್ತ ಗೋಡೆಯ ತುದಿಗೆ ಹೋಗಿ ಕೂತಳು. ಉಳಿದ ಕೋಲೆಲ್ಲ ಖಾಲಿ.

"ಒಳಗೆ ಬನ್ರೀ, ಥಂಡಿ ಬೀಳ್ತಿದೆ. ಮತ್ತೆ ಕೆಮ್ಮು ಹಿಡೀತದೆ" ಎಂದಳು ಅಕ್ಕ.

"ಬರ್ತೀನಿ ಇರು. ಇವಳು ಇನ್ನೂ ಅವರಿಗೆ ಜಾಗ ಬಿಟ್ಕೊಂಡು ಕೂತಿದಾಳೆ."

ಅಕ್ಕ ನನ್ನ ಕಡೆ ನೋಡಿದಳು. ಭಾವ ತೊಡೆಯ ಮೇಲಿನ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿದರು. ಎದ್ದು, ಮೆತ್ತನೆ ಬಟ್ಟೆಯ ತುಂಡು ತೆಗೆದುಕೊಂಡು, ಆ ಖಾಲಿ ಕೋಲನ್ನು ಬಾಗಿಲ ಕಡೆಯಿಂದ ಚೌಕಳಿಯ ಕಾಲಿನತನಕ ನಿಧಾನವಾಗಿ ಒರೆಸಿದರು.